ಮಿದುಳಿಗೂ ಒಂದು ಕನ್ನಡಿ



ನಮ್ಮ ಮನೆಯ ತಾತ ತೀರಿಕೊಂಡು ನಾಲ್ಕು ತಿಂಗಳಾಯಿತು. ಸಂಜೆ ದೀಪ ಹಚ್ಚುವಾಗ ನನಗೆ ಅಳು ಬಂದುಬಿಡುತ್ತದೆ. ಮೊನ್ನೆ ಆರನೇ ಕ್ಲಾಸಿನ ಮೊಮ್ಮಗ ಕೇಳಿದ: “ಅಜ್ಜೀ, ತಲೆಗೆ ತಂತಿಯ ಟೋಪಿ ಹಾಕಿ ಮಿದುಳಿಗೆ ಪಾಠ ಕಲಿಸ್ತಾರಂತೆ. ನಿನಗೂ ಹಾಕಿಸಿದರೆ ಅಳು ನಿಲ್ಲುತ್ತಾ?”

ವಿಜ್ಞಾನದ ಟೀಚರಾಗಿದ್ದವಳು ನಾನು. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ.

ನಮ್ಮ ಮಿದುಳಿನಲ್ಲಿ ಸದಾ ಸಣ್ಣ ವಿದ್ಯುತ್ ಅಲೆಗಳು ಏಳುತ್ತಿರುತ್ತವೆ. ಮನುಷ್ಯರಲ್ಲಿ ಅವನ್ನು ಮೊದಲು ದಾಖಲಿಸಿದವರು ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್, 1924ರಲ್ಲಿ. ಸೆಕೆಂಡಿಗೆ ಸುಮಾರು 10 ಸಲ ಏಳುವ ಅಲೆಯ ಹೆಸರು ಆಲ್ಫಾ. ಆಲ್ಫಾ ಜಾಸ್ತಿ ಇರುವ ಕಡೆ ಮಿದುಳು ಕೊಂಚ ವಿಶ್ರಾಂತಿಯಲ್ಲಿದೆ ಎಂದು ಲೆಕ್ಕ. ಹಣೆಯ ಹಿಂದಿನ ಎಡಭಾಗ, ಬಲಭಾಗ ಯಾವಾಗಲೂ ಸಮಸಮವಾಗಿ ದುಡಿಯುವುದಿಲ್ಲ. ಈ ಹೆಚ್ಚುಕಡಿಮೆಗೂ ನಮ್ಮ ಭಾವನೆಗಳಿಗೂ ನಂಟಿದೆಯೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ.

ಅಮೆರಿಕದ ಜಾನ್ ಆಲೆನ್ ಮತ್ತು ಸಂಗಡಿಗರು 2001ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 18 ಮಹಿಳೆಯರಿಗೆ 5 ದಿನ ತರಬೇತಿ. ಅಲೆಗಳು ಬೇಕಾದ ಕಡೆಗೆ ವಾಲಿದರೆ ಯಂತ್ರದ ಸ್ವರ ತಿಳಿಸುತ್ತಿತ್ತು. ಕೆಲವರಿಗೆ ಒಂದು ದಿಕ್ಕು, ಉಳಿದವರಿಗೆ ಅದರ ವಿರುದ್ಧ ದಿಕ್ಕು. ಮಿದುಳು ನಿಜಕ್ಕೂ ಕಲಿಯಿತು! ಆಮೇಲೆ ಸಿನಿಮಾ ತುಣುಕು ತೋರಿಸಿದಾಗ ಎರಡು ಗುಂಪಿನವರ ಭಾವನೆಗಳಲ್ಲೂ ಮುಖದ ಸ್ನಾಯುಗಳಲ್ಲೂ ವ್ಯತ್ಯಾಸ ಕಂಡಿತು.

“ಟೋಪಿಯಿಂದ ಕರೆಂಟ್ ಹೊಡೆಯಲ್ವಾ?”

“ಇಲ್ಲ ಪುಟ್ಟ. ಅದು ಕನ್ನಡಿಯ ಹಾಗೆ. ಕನ್ನಡಿ ಬೈತಲೆ ತೆಗೆಯುತ್ತದಾ? ಓರೆಯಾಗಿದೆ ಅಂತ ತೋರಿಸುತ್ತದೆ, ಅಷ್ಟೆ. ತಿದ್ದಿಕೊಳ್ಳುವವರು ನಾವು.”

“ಹಾಗಾದರೆ ನಿನಗೂ ತರಿಸೋಣ!”

“18 ಜನರ ಪ್ರಯೋಗ ಚಿಕ್ಕದು ಕಣೋ. ಅಷ್ಟರಿಂದಲೇ ದುಃಖಕ್ಕೆ ಔಷಧಿ ಸಿಕ್ಕಿತು ಅನ್ನಲಾಗದು. ನನ್ನ ಅಳು ಕಾಯಿಲೆಯಲ್ಲ, ತಾತನ ನೆನಪು. ಊಟ, ನಿದ್ದೆ ಬಿಟ್ಟುಹೋದರೆ ಡಾಕ್ಟರ ಹತ್ತಿರ ಹೋಗೋಣ.”

ಅವನು ಸುಮ್ಮನಾದ. ಮರುದಿನ ದೀಪ ಹಚ್ಚುವ ಹೊತ್ತಿಗೆ ಚೌಕಾಬಾರದ ಮಣೆ, ಕವಡೆ ತಂದಿಟ್ಟ. “ತಾತ ಹೇಗೆ ಮೋಸ ಮಾಡ್ತಿದ್ರು, ಹೇಳು.”

ಕಾಯಿಯನ್ನು ಮೆಲ್ಲಗೆ ಒಂದು ಮನೆ ಹೆಚ್ಚು ನಡೆಸುತ್ತಿದ್ದುದನ್ನು ತೋರಿಸಿದೆ. ಇಬ್ಬರೂ ನಕ್ಕೆವು. ನನ್ನ ಕಣ್ಣೂ ತುಂಬಿತು. ಆಗ ದುಡಿದದ್ದು ಎಡಭಾಗವೋ ಬಲಭಾಗವೋ, ಅಳೆದವರು ಯಾರು!

ನಿಮ್ಮ ಮನೆಯ ಅಜ್ಜಿ ತಾತಂದಿರ ಹತ್ತಿರವೂ ಇವತ್ತು ಸ್ವಲ್ಪ ಹೊತ್ತು ಕೂತುಕೊಳ್ಳಿ. ಮುಂದಿನ ವಾರ ಸಿಗೋಣ.

— ನಿಮ್ಮ ಅಜ್ಜಿ