ಕೂಡಿ ಎಳೆಯುವ ಬಗೆ

ಮುಂಬಯಿಯಿಂದ ಪುಣೆಗೆ ಬರುವ ಅನೇಕ ರೈಲುಗಾಡಿಗಳಿಗೆ ಕರ್ಜತ್ ನಿಲ್ದಾಣದಲ್ಲಿ ಹಿಂದಿನಿಂದ ನೂಕುವ ಎಂಜಿನುಗಳನ್ನು ಜೋಡಿಸುವರು. 1863ರಲ್ಲಿ ತೆರೆದ ಬೋರ್ ಘಾಟಿನ ಹಾದಿಯು ಕಡಿದಾದ ಕಡೆಗಳಲ್ಲಿ 37 ಅಡಿಗೆ 1 ಅಡಿಯಂತೆ ಏರುತ್ತದೆ. ಲೋಣಾವಳಾ ತಲಪಿದರೆ ಘಟ್ಟ ಮುಗಿಯಿತು. ಒಂದು ಎಂಜಿನಿಗೆ ಆಗದ ಭಾರವನ್ನು ಹಲವು ಕೂಡಿ ಏರಿಸುವುದನ್ನು ಕಂಡು 'ಒಗ್ಗಟ್ಟಿನಲ್ಲಿ ಬಲವಿದೆ' ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಹಲವರು ಸೇರಿದ ಮಾತ್ರಕ್ಕೆ ಬಲವು ಕೂಡುವುದೆ? ಈ ಪ್ರಶ್ನೆಗೆ ನಮ್ಮ ದೇಹದೊಳಗೇ ಒಂದು ಉತ್ತರವುಂಟು.

ನಮ್ಮ ಜೀವಕೋಶಗಳಲ್ಲಿ ಸೂಕ್ಷ್ಮನಾಳಗಳೆಂಬ ಹಳಿಗಳಿವೆ. ಅವುಗಳ ಮೇಲೆ ಕೈನೆಸಿನ್, ಡೈನೀನ್ ಎಂಬ ಪ್ರೋಟೀನ್ ಮೋಟಾರುಗಳು ಸರಕು ಹೊತ್ತು ನಡೆಯುತ್ತವೆ. 1985ರಲ್ಲಿ ಪತ್ತೆಯಾದ ಕೈನೆಸಿನ್ನಿನ ಒಂದು ಹೆಜ್ಜೆ 8 ನ್ಯಾನೋಮೀಟರು. ಎಂದರೆ ಒಂದು ಮಿಲಿಮೀಟರು ಸಾಗಲು ಒಂದೂಕಾಲು ಲಕ್ಷ ಹೆಜ್ಜೆಗಳು ಬೇಕು! ಹಳಿಯ ದಪ್ಪವಾದರೂ 25 ನ್ಯಾನೋಮೀಟರು ಮಾತ್ರ. ಇಷ್ಟು ಸಣ್ಣದನ್ನು ಕಾಣಲು ವಿಜ್ಞಾನಿಗಳು ಅದಕ್ಕೆ ಪ್ರತಿದೀಪ್ತಿಯುಳ್ಳ ವರ್ಣದ್ರವ್ಯವನ್ನು ಅಂಟಿಸುವರು. ಒಂದು ಬಣ್ಣದ ಬೆಳಕು ಬಿದ್ದರೆ ಅದು ಮತ್ತೊಂದು ಬಣ್ಣದ ಬೆಳಕನ್ನು ಸೂಸುತ್ತದೆ. ಸೂಕ್ಷ್ಮದರ್ಶಕದಲ್ಲಿ ಹಳಿಯು ಕತ್ತಲೆಯಲ್ಲಿ ಹೊಳೆಯುವ ಗೆರೆಯಾಗಿ ತೋರುತ್ತದೆ. ಮೋಟಾರುಗಳನ್ನು ಗಾಜಿಗೆ ಅಂಟಿಸಿ ನಿಲ್ಲಿಸಿದರೆ, ಅವು ಹಳಿಯನ್ನೇ ತಮ್ಮ ಮೇಲೆ ಸಾಗಿಸುತ್ತವೆ. ಮೋಟಾರುಗಳನ್ನು ಹೆಚ್ಚು ಕಡಿಮೆ ಮಾಡಿ ಗೆರೆಯ ಓಟವನ್ನು ಅಳೆದರೆ ಅವು ಕೂಡಿ ದುಡಿಯುವ ಬಗೆ ತಿಳಿಯುತ್ತದೆ. ಪುಣೆಯ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಯೀಸ್ಟಿನ ಡೈನೀನನ್ನು ಹೀಗೆ ಅಭ್ಯಸಿಸಿದ್ದಾರೆ.

ಓಟವನ್ನು ನೋಡಿದರೆ ಸಾಲದು, ಬಲವನ್ನೂ ಅಳೆಯಬೇಕು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ರೂಪ್ ಮಲ್ಲಿಕರೂ ಅವರ ಸಂಗಡಿಗರೂ ಲೇಸರ್ ಬೆಳಕಿನಿಂದ ಸರಕನ್ನು ಹಿಡಿದು ಇದನ್ನು ಅಳೆದರು. 2013ರಲ್ಲಿ ಪ್ರಕಟವಾದ ಅವರ ಶೋಧವು ವಿಚಾರಾರ್ಹವಾಗಿದೆ. ಒಂಟಿಯಾಗಿ ಕೈನೆಸಿನ್ ಬಲಶಾಲಿ, ಡೈನೀನ್ ದುರ್ಬಲ. ಆದರೆ ಗುಂಪುಗೂಡಿ ದುಡಿಯುವುದರಲ್ಲಿ ಡೈನೀನುಗಳೇ ಮೇಲು. ಭಾರ ಬಿದ್ದಾಗ ಮುಂದಿನ ಡೈನೀನ್ ಹೆಜ್ಜೆಯನ್ನು ಕಿರಿದುಮಾಡುತ್ತದೆ, ಹಿಂದಿನವು ದೊಡ್ಡ ಹೆಜ್ಜೆಯಿಟ್ಟು ಅದರ ಸಮೀಪಕ್ಕೆ ಬರುತ್ತವೆ, ಭಾರವು ಹಂಚಿಹೋಗುತ್ತದೆ. ಕೈನೆಸಿನ್ನುಗಳಲ್ಲಿ ಈ ಹೊಂದಾಣಿಕೆಯಿಲ್ಲ.

ಬುದ್ಧಿಯಿಲ್ಲದ ಅಣುಗಳಿಂದ ನಾವು ಕಲಿಯುವುದೇನೆಂದು ಕೆಲವರು ಆಕ್ಷೇಪಿಸಬಹುದು. ಅಣುಗಳು ನೀತಿಯನ್ನು ಬೋಧಿಸುವುದಿಲ್ಲ, ನಿಜ. ಆದರೂ ಗಾದೆಯನ್ನು ಕೂಡ ಪರೀಕ್ಷಿಸಿಯೇ ಒಪ್ಪಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಶಾಲೆಗಳಲ್ಲಿ ನಾಲ್ವರಿಗೆ ಒಂದು ಪ್ರಯೋಗವನ್ನು ವಹಿಸಿದರೆ, ಬಹಳ ಸಲ ಚುರುಕಾದವರೊಬ್ಬರು ಮಾಡಿ ಮುಗಿಸುವರು. ಉಳಿದ ಮೂವರು ನೋಡಿ ಬರೆದುಕೊಳ್ಳುವರು. ನಾಲ್ವರಿಗೂ ಸಮನಾದ ಅಂಕ ದೊರೆಯುವುದು. ಇದನ್ನು ಸಹಕಾರವೆಂದು ಕರೆಯುವುದು ಸಲ್ಲದು. ಅಂಕ ಕೊಡುವಾಗ ಗುಂಪಿನಲ್ಲಿ ಎಲ್ಲರಿಗಿಂತ ಹಿಂದುಳಿದವರ ಕೈಯಲ್ಲಿ ಉಪಕರಣವನ್ನಿಟ್ಟು ಪ್ರಯೋಗವನ್ನು ಮಾಡಿಸಿ ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಆಗ ಮುಂದಿರುವವರು ನಿಂತು ಕಲಿಸುವರು. ಹಿಂದಿರುವವರೂ ಹೆಜ್ಜೆ ಬೀಸಿ ನಡೆಯಲೇಬೇಕಾಗುವುದು. ಮುಂಬರುವ ವರ್ಷದಲ್ಲಿ ನಮ್ಮ ಪ್ರಯೋಗಶಾಲೆಯಲ್ಲಿಯೇ ಇದನ್ನು ಆರಂಭಿಸಬಾರದೇಕೆ?