133 ಮಂದಿಯ ಸಾಕ್ಷ್ಯ ಸಾಕೇ?

ಸ್ನಾಯು, ಕೊಬ್ಬು, ನರ, ರಕ್ತನಾಳದಂಥ ಮೆದು ಅಂಗಾಂಶಗಳಲ್ಲೋ ಮೂಳೆಯಲ್ಲೋ ಹುಟ್ಟುವ ಕ್ಯಾನ್ಸರ್‌ಗಳನ್ನು ಒಟ್ಟಾಗಿ ಸಾರ್ಕೋಮಾ ಎನ್ನುತ್ತಾರೆ. ದೊಡ್ಡವರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇವುಗಳ ಪಾಲು ನೂರಕ್ಕೆ ಒಂದರಷ್ಟು. ಆ ಒಂದರೊಳಗೇ ಎಪ್ಪತ್ತಕ್ಕೂ ಹೆಚ್ಚು ಬಗೆ. ಬೇಗ ಪತ್ತೆಯಾದರೆ ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆ ತೆಗೆಯಬಹುದು. ಶ್ವಾಸಕೋಶಕ್ಕೆ ಹರಡಿದ ಮೇಲೆ ವೈದ್ಯರ ಕೈಯಲ್ಲಿ ಉಳಿಯುವುದು ಹೆಚ್ಚಾಗಿ ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಕೀಮೋ. ಅದು 1970ರ ದಶಕದಿಂದ ಬಳಕೆಯಲ್ಲಿರುವ ಮದ್ದು.

2016ರ ಅಕ್ಟೋಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ, ಡಾಕ್ಸೊರುಬಿಸಿನ್ ಜೊತೆಗೆ ಕೊಡಲೆಂದು ಈಲೈ ಲಿಲ್ಲಿ ಕಂಪನಿಯ ಓಲಾರಾಟುಮ್ಯಾಬ್‌ಗೆ ತ್ವರಿತ ಮಂಜೂರಾತಿ ನೀಡಿತು. ಯುರೋಪ್ ಮರುತಿಂಗಳೇ ಷರತ್ತಿನ ಮೇಲೆ ಒಪ್ಪಿತು. ಎರಡಕ್ಕೂ ಆಧಾರ 133 ರೋಗಿಗಳ ಒಂದೇ ಪ್ರಯೋಗ. 2019ರ ಜನವರಿಯಲ್ಲಿ 509 ರೋಗಿಗಳ ದೊಡ್ಡ ಪ್ರಯೋಗದ ಫಲಿತಾಂಶ ಬಂತು: ಔಷಧದಿಂದ ಆಯುಸ್ಸು ಹೆಚ್ಚುವುದಿಲ್ಲ. ಔಷಧ ಮಾರುಕಟ್ಟೆಯಿಂದ ಹಿಂದೆ ಸರಿಯಿತು.

ನಮಗೂ ಇದು ದೂರದ ಸುದ್ದಿಯಲ್ಲ. ಅಮೆರಿಕ, ಬ್ರಿಟನ್, ಜಪಾನ್, ಆಸ್ಟ್ರೇಲಿಯಾ, ಕೆನಡಾ ಅಥವಾ ಯುರೋಪಿಯನ್ ಒಕ್ಕೂಟದಲ್ಲಿ ಮಂಜೂರಾದ ಕೆಲವು ವರ್ಗದ ಔಷಧಗಳಿಗೆ ಇಲ್ಲಿ ಮತ್ತೆ ಪ್ರಯೋಗ ಬೇಡ ಎಂಬ ವಿನಾಯಿತಿಯನ್ನು ಭಾರತ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಹಾಗಾಗಿ ಅಲ್ಲಿ ಎಷ್ಟು ಸಾಕ್ಷ್ಯ ಸಾಕು ಎನ್ನಿಸುತ್ತದೋ ಅದು ಇಲ್ಲಿಯ ರೋಗಿಗೂ ತಟ್ಟುತ್ತದೆ. ಪ್ರಶ್ನೆ ಇಷ್ಟೇ: ಬೇರೆ ದಾರಿಯಿಲ್ಲದ ಸಾರ್ಕೋಮಾ ರೋಗಿಗೆ, ಸಣ್ಣ ಪ್ರಯೋಗವನ್ನು ನಂಬಿ, ಗಡ್ಡೆಯ ನಿರ್ದಿಷ್ಟ ಗುರಿಗೆ ಹೊಡೆಯುವ ಟಾರ್ಗೆಟೆಡ್ ಔಷಧ ಕೊಡಬಹುದೇ?

ಪರ: ಕಾಯಿರಿ ಎನ್ನುವುದು ಸುಲಭ, ಕಾಯುವವರು ಯಾರು?

2000ನೇ ಇಸವಿಯ ಮಾರ್ಚ್. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಜಠರದ ಜಿಸ್ಟ್ ಎಂಬ ಸಾರ್ಕೋಮಾ ಯಕೃತ್ತಿಗೆ ಹರಡಿದ್ದ ಒಬ್ಬ ಮಹಿಳೆ. ಶಸ್ತ್ರಚಿಕಿತ್ಸೆಗಳಾಗಿದ್ದವು, ಕೀಮೋ ಆಗಿತ್ತು, ಯಾವುದೂ ಹಿಡಿದಿರಲಿಲ್ಲ. ಜಿಸ್ಟ್‌ಗೆ ಆ ಕಾಲದಲ್ಲಿ ಕೀಮೋ ಕೆಲಸ ಮಾಡುವುದೇ ಅಪರೂಪ. ಎರಡು ವರ್ಷ ಹಿಂದೆ ಜಪಾನಿನ ಸಂಶೋಧಕರು ಈ ಗಡ್ಡೆಯ ಬೇರು ಕೆಐಟಿ ಎಂಬ ಜೀನಿನ ದೋಷದಲ್ಲಿದೆ ಎಂದು ತೋರಿಸಿದ್ದರು. ರಕ್ತದ ಕ್ಯಾನ್ಸರಿಗೆಂದು ತಯಾರಾಗುತ್ತಿದ್ದ ಇಮ್ಯಾಟಿನಿಬ್ ಮಾತ್ರೆ ಕೆಐಟಿಯನ್ನೂ ತಡೆಯುತ್ತದೆ ಎಂಬುದು ಗೊತ್ತಿತ್ತು. ವೈದ್ಯರು ಆಕೆಗೆ ದಿನಕ್ಕೆ 400 ಮಿಲಿಗ್ರಾಂ ಕೊಟ್ಟರು. ಒಂದು ತಿಂಗಳು ಕಳೆದು ತೆಗೆದ ಪೆಟ್ ಸ್ಕ್ಯಾನಿನಲ್ಲಿ, ಅಲ್ಲಿಯವರೆಗೆ ಉರಿಯುವಂತೆ ಹೊಳೆಯುತ್ತಿದ್ದ ಗಡ್ಡೆಗಳು ಕಾಣಿಸಲೇ ಇಲ್ಲ.

ಒಬ್ಬರೇ ರೋಗಿ. ಬೆನ್ನಿಗೇ 147 ರೋಗಿಗಳ ಪ್ರಯೋಗ ನಡೆಯಿತು. ಅದರಲ್ಲಿ ಬರೀ ಸಕ್ಕರೆ ಗುಳಿಗೆ ನುಂಗುವ ಗುಂಪು ಇರಲಿಲ್ಲ; ಎಲ್ಲರಿಗೂ ಇಮ್ಯಾಟಿನಿಬ್ಬೇ, ಡೋಸ್ ಮಾತ್ರ ಬೇರೆ. ಅರ್ಧಕ್ಕಿಂತ ಹೆಚ್ಚು ಜನರ ಗಡ್ಡೆ ಕುಗ್ಗಿತು. 2002ರ ಫೆಬ್ರವರಿಯಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಮೊದಲ ರೋಗಿಯಿಂದ ಮಂಜೂರಾತಿಗೆ ಎರಡು ವರ್ಷವೂ ಹಿಡಿಯಲಿಲ್ಲ. ಅಂದು ಯಾರಾದರೂ "ಸಂಖ್ಯೆ ಸಾಲದು, ಹೋಲಿಕೆಗೆ ಇನ್ನೊಂದು ಗುಂಪು ಬೇಕು, ಐದು ವರ್ಷ ತಾಳಿ" ಎಂದಿದ್ದರೆ ಆ ಐದು ವರ್ಷಗಳಲ್ಲಿ ಸಾಯುತ್ತಿದ್ದವರ ಲೆಕ್ಕ ಯಾವ ಪತ್ರಿಕೆಯಲ್ಲೂ ಅಚ್ಚಾಗುತ್ತಿರಲಿಲ್ಲ. ತಪ್ಪು ಔಷಧ ಕೊಟ್ಟರೆ ಅದು ಸುದ್ದಿ. ಸರಿಯಾದ ಔಷಧ ತಡವಾದರೆ ಸುದ್ದಿಯೇ ಅಲ್ಲ.

ವಿರಳತೆಯ ಗಣಿತವೂ ಒಂದಿದೆ. ಎಪ್ಪತ್ತು ಬಗೆಯ ರೋಗದಲ್ಲಿ ಒಂದೊಂದು ಬಗೆಗೂ ಐನೂರು ಜನರನ್ನು ಕೂಡಿಸಲು ಹೊರಟರೆ ಖಂಡಾಂತರ ಹುಡುಕಬೇಕು. ಲಾರೋಟ್ರೆಕ್ಟಿನಿಬ್ ಎಂಬ ಔಷಧದ ಕಥೆ ನೋಡಿ. ಎನ್‌ಟಿಆರ್‌ಕೆ ಜೀನ್ ಬೇರೊಂದು ಜೀನಿಗೆ ಅಂಟಿಕೊಂಡಾಗ ಹುಟ್ಟುವ ಗಡ್ಡೆಗಳಿಗೆಂದು ಮಾಡಿದ ಮದ್ದು ಅದು. ಹಸುಗೂಸುಗಳ ಕೈಕಾಲಿನಲ್ಲಿ ಬೆಳೆಯುವ ಒಂದು ಬಗೆಯ ಫೈಬ್ರೋಸಾರ್ಕೋಮಾದಲ್ಲಿ ಈ ದೋಷ ಹೆಚ್ಚು. 2018ರಲ್ಲಿ ವರದಿಯಾದದ್ದು 55 ರೋಗಿಗಳು; ಅತಿ ಕಿರಿಯ ರೋಗಿಗೆ 4 ತಿಂಗಳು, ಅತಿ ಹಿರಿಯರಿಗೆ 76 ವರ್ಷ. ನಾಲ್ವರಲ್ಲಿ ಮೂವರ ಗಡ್ಡೆ ಕುಗ್ಗಿತು. ಅದೇ ವರ್ಷ ಮಂಜೂರಾಯಿತು. ಈ ಮಕ್ಕಳಲ್ಲಿ ಕೆಲವರ ಮುಂದಿದ್ದ ಇನ್ನೊಂದು ದಾರಿ ಕಾಲು ಕತ್ತರಿಸುವುದು. ಅಂಥ ತಂದೆತಾಯಿಯ ಎದುರು ನಿಂತು "ನಿಮ್ಮ ಮಗು ಹೋಲಿಕೆಯ ಗುಂಪಿಗೆ ಬಿದ್ದಿದೆ" ಎನ್ನುವ ಧೈರ್ಯ ಯಾರಿಗಿದೆ?

ಮೂಳೆಯ ಕ್ಯಾನ್ಸರಿನ ವಿಷಯದಲ್ಲಂತೂ ಸಹನೆಗೂ ಮಿತಿಯಿದೆ. ಆಸ್ಟಿಯೋಸಾರ್ಕೋಮಾ ಹದಿಹರೆಯದವರ ರೋಗ. ಹೆಚ್ಚಾಗಿ ಮಂಡಿಯ ಮೇಲೆ ಕೆಳಗೆ ಬರುತ್ತದೆ. ಆಟದಲ್ಲಿ ಬಿದ್ದ ನೋವೆಂದು ಎಣ್ಣೆ ತಿಕ್ಕುತ್ತಾ ತಿಂಗಳುಗಳು ಕಳೆಯುತ್ತವೆ. ಇದಕ್ಕೆ ಕೊಡುವ ಮೂರು ಕೀಮೋಗಳ ಜೋಡಣೆ ಸುಮಾರು ನಾಲ್ಕು ದಶಕಗಳಿಂದ ಹೆಚ್ಚುಕಡಿಮೆ ಹಾಗೆಯೇ ಇದೆ. ಅದು ಸೋತ ಮೇಲೆ ಏನು ಎಂಬ ಪ್ರಶ್ನೆಗೆ ಫ್ರಾನ್ಸಿನ ರೆಗೋಬೋನ್ ಪ್ರಯೋಗ ಉತ್ತರ ಹುಡುಕಿತು. ರೆಗೋರಾಫೆನಿಬ್ ನುಂಗಿದ 26 ಮಂದಿಯಲ್ಲಿ 17 ಮಂದಿಗೆ ಎಂಟು ವಾರಗಳವರೆಗೆ ರೋಗ ಮುಂದುವರಿಯಲಿಲ್ಲ. ಖಾಲಿ ಮಾತ್ರೆ ನುಂಗಿದವರು 12 ಮಂದಿ. ಅವರಲ್ಲಿ ಎಂಟು ವಾರ ರೋಗ ನಿಂತಿದ್ದವರು ಒಬ್ಬರೂ ಇಲ್ಲ. ಎಂಟೇ ವಾರ! ಇಷ್ಟು ವೇಗವಾಗಿ ಓಡುವ ರೋಗಕ್ಕೆ ಎಂಟು ವರ್ಷದ ಪ್ರಯೋಗ ಹೂಡುವುದು ಎಚ್ಚರಿಕೆಯಲ್ಲ, ಕೈಚೆಲ್ಲುವುದು.

ವಿರೋಧ: ಆಸೆಗೂ ಔಷಧಕ್ಕೂ ಇರುವ ಅಂತರ ಅಳೆಯದೆ ಮಾರಬೇಡಿ

ಓಲಾರಾಟುಮ್ಯಾಬ್‌ನ ಮೊದಲ ಪ್ರಯೋಗವನ್ನು ಸ್ವಲ್ಪ ಬಿಚ್ಚಿ ನೋಡೋಣ. ಪರವಾದಿಗಳು ಅದನ್ನು ಮುಟ್ಟದೆ ದಾಟಿದ್ದು ಆಶ್ಚರ್ಯವೇನಲ್ಲ.

133 ಜನ, ಎರಡು ಗುಂಪು. ಒಂದಕ್ಕೆ ಡಾಕ್ಸೊರುಬಿಸಿನ್ ಮಾತ್ರ, ಇನ್ನೊಂದಕ್ಕೆ ಜೊತೆಗೆ ಓಲಾರಾಟುಮ್ಯಾಬ್. ಯಾರಿಗೆ ಯಾವುದು ಸಿಕ್ಕಿದೆ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿತ್ತು. 133 ಜನರಲ್ಲಿ ಸಾರ್ಕೋಮಾದ ಬಗೆಗಳೇ ಇಪ್ಪತ್ತೈದಕ್ಕೂ ಹೆಚ್ಚು. ನಿಧಾನಕ್ಕೆ ಬೆಳೆಯುವ ಬಗೆಯವರು ನಾಲ್ಕಾರು ಜನ ಒಂದು ಕಡೆಗೆ ಹೆಚ್ಚಾಗಿ ಬಿದ್ದರೂ ತಕ್ಕಡಿ ವಾಲುತ್ತದೆ. ಅದೃಷ್ಟದಿಂದ ಬಂದ ಫಲವನ್ನು ನಿಜವೆಂದು ನಂಬಿಬಿಡುವ ಸಾಧ್ಯತೆಯನ್ನು ದೊಡ್ಡ ಪ್ರಯೋಗಗಳಲ್ಲಿ ನೂರಕ್ಕೆ 5ರೊಳಗೆ ಕಟ್ಟಿಹಾಕುತ್ತಾರೆ. ಇಲ್ಲಿ ಮೊದಲೇ ನೂರಕ್ಕೆ 20ರವರೆಗೆ ಸಡಿಲ ಬಿಟ್ಟಿದ್ದರು. ಪ್ರಯೋಗ ಮಾಡಿದವರ ತಪ್ಪಲ್ಲ ಅದು. "ದೊಡ್ಡ ಪ್ರಯೋಗಕ್ಕೆ ಕೈಹಾಕಬಹುದೇ" ಎಂದು ತಿಳಿಯಲು ಹೂಡಿದ್ದ ಪರೀಕ್ಷೆ. "ಮಾರಬಹುದೇ" ಎಂದು ತಿಳಿಯಲು ಅಲ್ಲ.

ಫಲಿತಾಂಶದಲ್ಲೇ ಅನುಮಾನದ ಬೀಜವಿತ್ತು. ರೋಗ ಮುಂದುವರಿಯುವ ಮುನ್ನ ಸಿಕ್ಕ ಅವಧಿ ಒಂದು ಗುಂಪಿನಲ್ಲಿ 6.6 ತಿಂಗಳು, ಇನ್ನೊಂದರಲ್ಲಿ 4.1, ವ್ಯತ್ಯಾಸ ಎರಡೂವರೆ ತಿಂಗಳು. ಬದುಕಿದ ಅವಧಿ ಮಾತ್ರ 26.5 ತಿಂಗಳು ಮತ್ತು 14.7 ತಿಂಗಳು, ವ್ಯತ್ಯಾಸ ಹೆಚ್ಚುಕಡಿಮೆ ಒಂದು ವರ್ಷ. ಗಡ್ಡೆಯನ್ನು ಎರಡೂವರೆ ತಿಂಗಳಷ್ಟೇ ತಡೆದ ಔಷಧ ಆಯುಸ್ಸಿಗೆ ಒಂದು ವರ್ಷ ಹೇಗೆ ಸೇರಿಸಿತು? ಓಲಾರಾಟುಮ್ಯಾಬ್ ಹೋಗಿ ಕೂರಬೇಕಿದ್ದದ್ದು ಪಿಡಿಜಿಎಫ್‌ಆರ್ ಆಲ್ಫಾ ಎಂಬ ಗ್ರಾಹಕದ ಮೇಲೆ. ಆ ಗ್ರಾಹಕ ಗಡ್ಡೆಯಲ್ಲಿ ಇದೆಯೋ ಇಲ್ಲವೋ ಎಂಬುದಕ್ಕೂ ರೋಗಿಗೆ ಆದ ಲಾಭಕ್ಕೂ ಸಂಬಂಧ ಕಾಣಲಿಲ್ಲ. ಗುರಿಯೇ ಇಲ್ಲದವರಿಗೂ ಬಾಣ ತಾಗಿತ್ತು! ಅಲ್ಲೇ ನಿಂತು ಯೋಚಿಸಬೇಕಿತ್ತು.

ಮುಂದೆ 25 ದೇಶಗಳ 509 ಜನರ ಮೇಲೆ, ಯಾರಿಗೆ ಏನು ಎಂಬುದನ್ನು ಮುಚ್ಚಿಟ್ಟು ನಡೆಸಿದ ಅನೌನ್ಸ್ ಪ್ರಯೋಗದಲ್ಲಿ ಬದುಕಿದ ಅವಧಿ 20.4 ತಿಂಗಳು ಮತ್ತು 19.7 ತಿಂಗಳು. ಎರಡೂ ಒಂದೇ ಎನ್ನಬೇಕು. ರೋಗ ಮುಂದುವರಿಯುವ ಮುನ್ನ ಸಿಕ್ಕ ಅವಧಿಯಂತೂ ಔಷಧ ಪಡೆದವರಲ್ಲೇ ಕಡಿಮೆ: 5.4 ತಿಂಗಳು, ಪಡೆಯದವರಿಗೆ 6.8. ಗಮನಿಸಿ, ಡಾಕ್ಸೊರುಬಿಸಿನ್ ಒಂದನ್ನೇ ಪಡೆದವರು ಸಣ್ಣ ಪ್ರಯೋಗದಲ್ಲಿ 14.7 ತಿಂಗಳು ಬದುಕಿದ್ದರು, ದೊಡ್ಡದರಲ್ಲಿ 19.7. ಅಂದರೆ ಮೊದಲ ಬಾರಿ ಕಂಡ "ಪವಾಡ"ದ ಒಂದು ಪಾಲು ಹೋಲಿಕೆಯ ಗುಂಪಿನ ದುರದೃಷ್ಟವೇ.

"ಪ್ರಯೋಜನ ಇರದಿದ್ದರೆ ಹೋಗಲಿ, ನಷ್ಟವೇನು" ಎನ್ನುವವರಿದ್ದಾರೆ. ಡಾಕ್ಸೊರುಬಿಸಿನ್‌ಗೆ ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋದರೆ ಸಾಕು. ಓಲಾರಾಟುಮ್ಯಾಬ್ ಸೇರಿಸಿದರೆ ಮೊದಲನೇ ದಿನ ಒಮ್ಮೆ, ಎಂಟನೇ ದಿನ ಇನ್ನೊಮ್ಮೆ ಡ್ರಿಪ್. ರಾಯಚೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಬರುವ ರೋಗಿಗೆ ಇಂಥ ವೇಳಾಪಟ್ಟಿಯನ್ನು ಊಹಿಸಿಕೊಳ್ಳಿ: ಓಡಾಟ ಎರಡು ಪಟ್ಟು, ಜೊತೆಗೆ ಬರುವವರ ಕೂಲಿಯೂ ಎರಡು ಪಟ್ಟು ಖೋತಾ. ಉಳಿದಿರುವುದೇ ಕೆಲವು ತಿಂಗಳು ಎಂದಾದರೆ ಆ ದಿನಗಳನ್ನು ಕಳೆಯುವ ಜಾಗ ಡ್ರಿಪ್ ಹಾಕುವ ಕುರ್ಚಿಯೇ? ಖರ್ಚಿನ ಮಾತಂತೂ ಹೇಳಬೇಕಾಗಿಲ್ಲ. ಇಮ್ಯಾಟಿನಿಬ್ ಕೂಡ ನಮ್ಮಲ್ಲಿ ಸಾಮಾನ್ಯರ ಕೈಗೆಟುಕಿದ್ದು ಜೆನೆರಿಕ್ ಮಾತ್ರೆಗಳಿಂದ. ಆ ದಾರಿ ಗಟ್ಟಿಯಾದದ್ದು 2013ರಲ್ಲಿ ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಯ ಪೇಟೆಂಟ್ ವಾದ ತಳ್ಳಿಹಾಕಿದ ಮೇಲೆ. ಓಲಾರಾಟುಮ್ಯಾಬ್‌ನಂಥ ಹೊಸ ಆಂಟಿಬಾಡಿ ಔಷಧಗಳಿಗೆ ಅಂಥ ಅಗ್ಗದ ಮಾತ್ರೆ ರಾತ್ರೋರಾತ್ರಿ ಹುಟ್ಟುವುದಿಲ್ಲ. ಮನೆ ಮಾರಿಯಾದರೂ ಕೊಡಿಸುತ್ತಾರೆ ನಮ್ಮ ಜನ. ಕೊಡಿಸುವ ಮೊದಲು ಅದು ಕೆಲಸ ಮಾಡುತ್ತದೆಯೇ ಎಂದು ಹೇಳುವ ಹೊಣೆ ಬೇರೆಯವರದು.

ಇನ್ನು ಹೆಲ್ಸಿಂಕಿಯ ಕಥೆ. ಅದನ್ನು ನಾವೂ ಒಪ್ಪುತ್ತೇವೆ, ಲಾರೋಟ್ರೆಕ್ಟಿನಿಬ್ಬನ್ನೂ ಒಪ್ಪುತ್ತೇವೆ. ಆದರೆ ಒಪ್ಪಲು ಕಾರಣ ಬೇರೆ. ಹರಡಿದ ಸಾರ್ಕೋಮಾ ತಾನಾಗಿಯೇ ಕರಗುವುದು ಇಲ್ಲವೆನ್ನುವಷ್ಟು ಅಪರೂಪ. ಕಣ್ಣೆದುರೇ ಕರಗಿದರೆ ಅದು ಔಷಧದ್ದೇ ಕೆಲಸ; ಅದಕ್ಕೆ ಹೋಲಿಕೆಯ ಗುಂಪು ಬೇಡ. "ಗಡ್ಡೆ ಅಷ್ಟೇನೂ ಕುಗ್ಗಲಿಲ್ಲ, ರೋಗಿ ಮಾತ್ರ ಹೆಚ್ಚು ಕಾಲ ಬದುಕಿದರು" ಎನ್ನುವ ವಾದ ಬೇರೆ ಜಾತಿಯದು. ಕೆಲವರ ರೋಗ ಔಷಧವಿಲ್ಲದೆಯೂ ನಿಧಾನ. ಇದನ್ನು ಅಳೆಯಲು ಪಕ್ಕದಲ್ಲಿ ಇನ್ನೊಂದು ಗುಂಪು ಇರಲೇಬೇಕು. ರೆಗೋಬೋನ್ ಪ್ರಯೋಗವನ್ನು ನೀವು ನಿಮ್ಮ ಪರ ಎಳೆದುಕೊಂಡಿರಿ. ಅಲ್ಲಿ ನಂಬಿಕೆ ಹುಟ್ಟಿಸಿದ್ದು ಖಾಲಿ ಮಾತ್ರೆ ನುಂಗಿದ ಆ 12 ಜನ. ಅವರಿಲ್ಲದಿದ್ದರೆ 26ರಲ್ಲಿ 17 ಎಂಬುದಕ್ಕೆ ಅರ್ಥ ಕಟ್ಟುವುದು ಹೇಗೆ?

ರೋಗ ತಡೆದ ಮಾತ್ರಕ್ಕೆ ಬದುಕು ಉದ್ದವಾಗುತ್ತದೆ ಎಂದೂ ಇಲ್ಲ. ಪಜೋಪಾನಿಬ್ ಎಂಬ ಇನ್ನೊಂದು ಸಾರ್ಕೋಮಾ ಔಷಧದ 369 ರೋಗಿಗಳ ಪ್ರಯೋಗದಲ್ಲಿ ರೋಗ ತಡೆದ ಅವಧಿ 1.6 ತಿಂಗಳಿಂದ 4.6ಕ್ಕೆ ಏರಿತು. ಬದುಕಿದ ಅವಧಿ 10.7 ಮತ್ತು 12.5 ತಿಂಗಳು, ಆ ವ್ಯತ್ಯಾಸ ಅಂಕಿಅಂಶದ ಪರೀಕ್ಷೆಯಲ್ಲಿ ಗಟ್ಟಿ ನಿಲ್ಲಲಿಲ್ಲ. ಅದು 2012ರಲ್ಲಿ ಮಂಜೂರಾಯಿತು, ಇರಲಿ. ಮೂರು ತಿಂಗಳು ರೋಗ ನಿಲ್ಲುವುದೂ ದೊಡ್ಡದೇ. ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ರೋಗಿಗೆ ಹೇಳಲು ಅಲ್ಲಿ ಅಂಕಿಯಿದೆ ಎಂಬುದೇ ನಮ್ಮ ಮಾತು.

ಮತ್ತೆ ಪರ: ಹಾಗಾದರೆ ಓಲಾರಾಟುಮ್ಯಾಬ್ ಸೋಲಲ್ಲ

ಸಂಖ್ಯೆಗಿಂತ ಸಾಕ್ಷ್ಯದ ಬಗೆ ಮುಖ್ಯ ಎಂಬುದನ್ನು ಒಪ್ಪಿದೆವು. ಆದರೂ ಒಂದು ಸಂಗತಿ ನಿಮ್ಮ ಲೆಕ್ಕದಲ್ಲಿ ಬರಲಿಲ್ಲ. ಅನೌನ್ಸ್ ಪ್ರಯೋಗ ಆರಂಭವಾದದ್ದು 2015ರ ಸೆಪ್ಟೆಂಬರ್‌ನಲ್ಲಿ, ಮಂಜೂರಾತಿಗೆ ಒಂದು ವರ್ಷ ಮೊದಲು. ಔಷಧ ಅಂಗಡಿಗೆ ಬರುವ ಹೊತ್ತಿಗೆ ದೊಡ್ಡ ಪ್ರಯೋಗ ಓಡುತ್ತಿತ್ತು. ಹಾಗಾಗಿಯೇ ಎರಡು ವರ್ಷ ಚಿಲ್ಲರೆಯಲ್ಲಿ ಸತ್ಯ ಹೊರಬಿತ್ತು, ಕಂಪನಿ ತಾನೇ ಅದನ್ನು ಪ್ರಕಟಿಸಿತು, ಹೊಸ ರೋಗಿಗಳಿಗೆ ಕೊಡುವುದು ನಿಂತಿತು. ಮಂಜೂರಾತಿ ಕೊಟ್ಟು ಆಮೇಲೆ ಪ್ರಯೋಗ ಮಾಡಿ ಎಂದಿದ್ದರೆ ಯಾವ ರೋಗಿ ಹೋಲಿಕೆಯ ಗುಂಪಿಗೆ ಸೇರುತ್ತಿದ್ದ? ಅಮೆರಿಕ 2022ರ ಡಿಸೆಂಬರ್‌ನ ಕಾನೂನಿನಲ್ಲಿ ಇದನ್ನೇ ಬರೆದುಕೊಂಡಿದೆ: ತ್ವರಿತ ಮಂಜೂರಾತಿಗೆ ಮೊದಲೇ ದೃಢಪಡಿಸುವ ಪ್ರಯೋಗ ಶುರುವಾಗಿರಬೇಕೆಂದು ಎಫ್‌ಡಿಎ ಒತ್ತಾಯಿಸಬಹುದು. ಖಾಲಿ ಮಾತ್ರೆಯ ಕ್ರೌರ್ಯಕ್ಕೂ ದಾರಿಯಿದೆ. ರೆಗೋಬೋನ್‌ನಲ್ಲಿ ಖಾಲಿ ಮಾತ್ರೆಯವರ ರೋಗ ಮುಂದುವರಿದದ್ದು ಖಚಿತವಾದ ಕೂಡಲೇ ನಿಜವಾದ ಔಷಧಕ್ಕೆ ದಾಟಲು ಬಿಟ್ಟರು, ಬಹುತೇಕರು ದಾಟಿದರು.

ವಿರೋಧದ ಕೊನೆಯ ಪ್ರಶ್ನೆ

ಅದು ಅಮೆರಿಕದ ಮಾತಾಯಿತು. ನಮ್ಮ 2024ರ ಆದೇಶದಲ್ಲಿ ವಿನಾಯಿತಿ ಸಿಗುವ ವರ್ಗಗಳಲ್ಲಿ ವಿರಳ ರೋಗಗಳ ಔಷಧವೂ ಇದೆ, ಈಗಿನ ಚಿಕಿತ್ಸೆಗಿಂತ ಗಣನೀಯವಾಗಿ ಮುಂದಿರುವ ಔಷಧವೂ ಇದೆ. 2016ರ ಕೊನೆಯಿಂದ 2019ರ ಆರಂಭದವರೆಗೆ ಓಲಾರಾಟುಮ್ಯಾಬ್ ಅಮೆರಿಕದಲ್ಲೂ ಯುರೋಪಿನಲ್ಲೂ ಮಂಜೂರಾದ ಔಷಧ. ಒಂದು ವರ್ಷ ಹೆಚ್ಚು ಬದುಕಿಸುತ್ತದೆ ಎಂಬ ಅಂಕಿ ಬೆನ್ನಿಗಿತ್ತು. ಇದೇ ಆದೇಶ ಆಗ ಜಾರಿಯಲ್ಲಿದ್ದಿದ್ದರೆ ಕಾಗದದ ಮೇಲೆ ಅದಕ್ಕೆ ವಿನಾಯಿತಿ ಕೇಳಬಹುದಿತ್ತು. ಮಾರಾಟ ಶುರುವಾದ ಮೇಲೆ ನಡೆಸುವ ನಾಲ್ಕನೇ ಹಂತದ ಪ್ರಯೋಗವೊಂದನ್ನು ಕಂಪನಿಯಿಂದ ಬರೆಸಿಕೊಳ್ಳುತ್ತಾರೆ, ನಿಜ. ಆ ಪ್ರಯೋಗಗಳಲ್ಲಿ ಹೆಚ್ಚಾಗಿ ಎಲ್ಲರಿಗೂ ಔಷಧವೇ. ಪಕ್ಕದಲ್ಲಿ ಇನ್ನೊಂದು ಗುಂಪು ಇರುವುದಿಲ್ಲ. ಸಾರ್ಕೋಮಾ ಔಷಧವೊಂದು ಆ ದಾರಿಯಲ್ಲಿ ಬಂದಾಗ, ಹೊರದೇಶದ ಮಂಜೂರಾತಿ ಪತ್ರದ ಜೊತೆಗೆ ಅದು ಪೂರ್ಣ ಮಂಜೂರಾತಿಯೋ ಷರತ್ತಿನದೋ, ದೊಡ್ಡ ಪ್ರಯೋಗ ಎಲ್ಲಿಗೆ ಬಂದಿದೆ ಎಂಬ ಎರಡು ಸಾಲನ್ನು ರೋಗಿಯ ಒಪ್ಪಿಗೆ ಪತ್ರದಲ್ಲಿ ಕನ್ನಡದಲ್ಲಿ ಬರೆಯಲು ಯಾರದೇನು ಅಡ್ಡಿ?