ತೊಗರಿಯ ನಾಡಿನಲ್ಲಿ ಗುಗ್ಗರಿ ಮರೆಯಾಗದಿರಲಿ



ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿ.ಐ. ಮಾನ್ಯತೆ ದೊರೆಯಿತು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು 11,440 ಕೋಟಿ ರೂಪಾಯಿ ವೆಚ್ಚದ ದ್ವಿದಳ ಧಾನ್ಯ ಸ್ವಾವಲಂಬನೆ ಅಭಿಯಾನಕ್ಕೆ ಚಾಲನೆ ನೀಡಿತು. 2025-26ನೇ ಸಾಲಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 8,000 ರೂಪಾಯಿ. ಚರ್ಚೆಯೆಲ್ಲವೂ ಬೆಲೆ, ಖರೀದಿ ಮತ್ತು ಆಮದಿನ ಸುತ್ತಲೇ ನಡೆಯುತ್ತಿದೆ. ಬೆಳೆದವರ ಮನೆಯ ಮಕ್ಕಳು ಅದರಲ್ಲಿ ಎಷ್ಟನ್ನು ತಿನ್ನುತ್ತಾರೆ ಎಂದು ಕೇಳುವವರು ವಿರಳ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ರಕ್ತಹೀನತೆಯಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ವಯಸ್ಕರಿಗೆ ದಿನಕ್ಕೆ 85 ಗ್ರಾಂ ಬೇಳೆಕಾಳು ಸೂಚಿಸಿದೆ. ಐದು ಜನರ ಕುಟುಂಬಕ್ಕೆ ಇದೇ ಪ್ರಮಾಣವನ್ನು ಹಿಡಿದರೆ ವರ್ಷಕ್ಕೆ ಸುಮಾರು 155 ಕಿಲೋ ಬೇಳೆ ಬೇಕು. ಶೇ. 70ರಷ್ಟು ಬೇಳೆ ಸಿಗುತ್ತದೆಂದರೆ, ಅದಕ್ಕೆ ಎರಡೂಕಾಲು ಕ್ವಿಂಟಾಲ್ ತೊಗರಿ ಸಾಕು. ಎಕರೆಗೆ ನಾಲ್ಕೇ ಕ್ವಿಂಟಾಲ್ ಬಂದರೂ ಅರ್ಧ ಎಕರೆಗಿಂತ ತುಸು ಹೆಚ್ಚಿನ ಇಳುವರಿಯಷ್ಟೇ. ರಾಶಿಯಾದ ದಿನವೇ ಎಲ್ಲ ಚೀಲಗಳನ್ನೂ ಅಡತಿಗೆ ಸಾಗಿಸಿ, ವಾರದ ನಂತರ ಅಂಗಡಿಯಿಂದ ಬೇಳೆಯನ್ನೂ ಮಕ್ಕಳಿಗೆ ಕುರುಕಲು ಪ್ಯಾಕೆಟ್ಟುಗಳನ್ನೂ ಕೊಳ್ಳುವ ರೂಢಿ ನನಗೆ ಸರಿಯೆನಿಸದು.

ಪ್ಯಾಕೆಟ್ಟಿನ ಬದಲು ಗುಗ್ಗರಿ ಕೊಡಿ. ತೊಗರಿ, ಕಡಲೆ, ಹೆಸರು, ಮಡಿಕೆ ಯಾವುದಾದರೂ ಆದೀತು. ನೂರು ಗ್ರಾಂ ಒಣ ಕಾಳಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇರುತ್ತದೆ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಕಾಳಿನಲ್ಲಿ ಹೇರಳವಾಗಿದೆ; ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನಿನ್ನನ್ನು ಜೋಳ ತುಂಬಿಕೊಡುತ್ತದೆ. ನಮ್ಮ ಹಿರಿಯರು ರೊಟ್ಟಿಯೊಡನೆ ಕಾಳುಪಲ್ಯ ಇಟ್ಟದ್ದು ಬರೀ ರುಚಿಗಲ್ಲ. ಕಾಳನ್ನು ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ ಬೇಯಿಸಿದರೆ ವಾಯು ಉಂಟುಮಾಡುವ ಸಕ್ಕರೆಗಳೂ ಕಬ್ಬಿಣಾಂಶವನ್ನು ಹಿಡಿದಿಡುವ ಫೈಟೇಟ್ ಕೂಡ ಕಡಿಮೆಯಾಗುತ್ತವೆ. ಮೊಳಕೆ ಬರಿಸಿದರೆ ಇನ್ನೂ ಉತ್ತಮ. ಮೇಲೆ ನಿಂಬೆರಸ ಹಿಂಡಿ. ಕಬ್ಬಿಣಾಂಶ ದೇಹಕ್ಕೆ ಹೆಚ್ಚು ಸೇರುತ್ತದೆ. ತಿಂದ ಕೂಡಲೇ ಚಹಾ ಕುಡಿದರೆ ಆ ಲಾಭ ಕೈತಪ್ಪುತ್ತದೆ, ಒಂದು ತಾಸು ತಡೆಯಿರಿ. ಕಲಬುರಗಿಯ ಸಂಜೆಯ ಮಿರ್ಚಿ ಭಜಿಯೂ ಕಡಲೆಹಿಟ್ಟಿನದೇ, ನನಗೂ ಅದು ಇಷ್ಟ. ಆದರೆ ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕರಿದದ್ದನ್ನು ಗುಗ್ಗರಿಗೆ ಸಮವೆನ್ನಲಾರೆ.

ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ರೈತರೂ ಸೇರಿದಂತೆ, ಹಸಿ ತೊಗರಿಕಾಯಿಯನ್ನು ಕಲಬುರಗಿಯ ಪೇಟೆಗೆ ತರುವವರು ಒಂದು ಎಚ್ಚರಿಕೆ ವಹಿಸಲೇಬೇಕು. ಕಾಯಿಕೊರಕಕ್ಕೆ ಔಷಧ ಸಿಂಪಡಿಸುವುದೂ ಕಾಯಿ ಬಿಡಿಸುವುದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಡಬ್ಬಿಯ ಚೀಟಿಯಲ್ಲಿ ನಮೂದಿಸಿದ ಕಾಯುವ ಅವಧಿ ಮುಗಿಯುವವರೆಗೆ ಕಾಯಿ ಕೀಳಬೇಡಿ, ಮನೆಗೂ ಒಯ್ಯಬೇಡಿ. ತಿನ್ನುವ ಕಾಯಿಗೆಂದೇ ಹೊಲದ ಅಂಚಿನ ನಾಲ್ಕು ಸಾಲುಗಳನ್ನು ಗುರುತಿಸಿ, ಔಷಧ ಅತ್ತ ಹಾರದಷ್ಟು ಅಂತರ ಬಿಟ್ಟು ಅಲ್ಲಿ ಬೇವಿನ ಬೀಜದ ಕಷಾಯವನ್ನಷ್ಟೇ ಬಳಸುವುದು ಸುಲಭದ ದಾರಿ.

ಹುರಿದ ಕಾಳು, ಬೇಳೆ ಹಿಟ್ಟಿನ ಚಕ್ಕುಲಿ ಮುಂತಾದವನ್ನು ಮಾರುವ ಉತ್ಸಾಹ ಸ್ತ್ರೀಶಕ್ತಿ ಸಂಘಗಳಿಗಿದ್ದರೆ, ಕಿರು ಆಹಾರ ಸಂಸ್ಕರಣಾ ಯೋಜನೆಯಡಿ ಕಲಬುರಗಿ ಜಿಲ್ಲೆಗೆ ತೊಗರಿಯೇ ಆಯ್ಕೆಯಾಗಿದೆಯೆಂಬುದು ತಿಳಿದಿರಲಿ. ಸಹಾಯಧನದ ಈಗಿನ ಸ್ಥಿತಿಯನ್ನು ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಇದರಿಂದ ತೊಗರಿಯ ದರ ಏರೀತೆಂದು ನಾನು ಹೇಳಲಾರೆ. ಜಿಲ್ಲೆಯ ಫಸಲಿನ ಮುಂದೆ ತಿಂಡಿಗೆ ಬಳಕೆಯಾಗುವುದು ಬೊಗಸೆಯಷ್ಟೇ. ವಿಸ್ತರಣಾ ಕಾರ್ಯಕರ್ತರು ಮುಂದಿನ ರಾಶಿಗೆ ಮೊದಲೇ ಪ್ರತಿ ಮನೆಯವರೊಡನೆ ಕುಳಿತು, ಮನೆಗೆಂದು ಎಷ್ಟು ಚೀಲ ಉಳಿಸಿಕೊಳ್ಳಬೇಕೆಂಬ ಲೆಕ್ಕವನ್ನು ಬರೆಸಲಿ.